ನಾಲ್ಕನೆಯ ರೊಟ್ಟಿಗಂಟು

ದೆವ್ವ, ಭೂತ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ನಕ್ಕು ಸುಮ್ಮನಾಗುತ್ತಲೂ ಇರಲಿಲ್ಲ. ಹೇಳಿದವರನ್ನು ಎದುರಿಗೆ ಕೂರಿಸಿಕೊಂಡು, ಯಾವ ಹೊತ್ತು, ನೋಡಿದವರು ಯಾರು, ಅವರಿಗೆ ಜ್ವರವಿತ್ತೇ, ಒಂದಿಷ್ಟು ಏರಿಸಿದ್ದರೇ ಎಂದು ಪೊಲೀಸರ ಹಾಗೆ ಕೇಳುತ್ತ ಹೋಗುತ್ತಿದ್ದೆ. ಕೊನೆಗೆ ಅವರೇ ಬೇಸತ್ತು ಎದ್ದುಹೋಗುತ್ತಿದ್ದರು. ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ, ನಕಾಶೆಯಲ್ಲಿ ತೋರಿಸಲು ಬಾರದ ಯಾವುದೂ ಇಲ್ಲವೇ ಇಲ್ಲ ಎನ್ನುವ ಸೊಕ್ಕು. ಅಂಥ ನನಗೇ ಒಂದು ಸಂಗತಿ ನಡೆದುಹೋಯಿತು. ಅಮಾವಾಸ್ಯೆಯ ರಾತ್ರಿಯೂ ಅಲ್ಲ, ಹಾಳು ಗುಡಿಯೂ ಅಲ್ಲ. ರಾಯಚೂರಿನ ಸುಡುಬಿಸಿಲಿನಲ್ಲಿ, ರೊಟ್ಟಿ ಮಾರುವ ಒಬ್ಬ ಹೆಂಗಸಿನ ಮನೆಯ ಬಾಗಿಲಲ್ಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಬೇಕೆಂಬ ಹಟ ನನಗಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷದ ಬೇಸಿಗೆ ರಜೆಯಲ್ಲಿ ನಾವು ಮೂವರು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿಬರುವುದೆಂದು ನಿಶ್ಚಯಿಸಿದೆವು. ನಾನು, ದೇವದುರ್ಗದಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಖಾಜಾ ಹುಸೇನ, ಮಾನ್ವಿಯ ಅಕ್ಕಿ ಗಿರಣಿಯ ಮನೆತನದ ಶರಣಬಸಪ್ಪ. ಖಾಜಾ ವಾರಕ್ಕೊಮ್ಮೆ ಮಾನ್ವಿಯ ಸಂತೆಗೆ ಬರುತ್ತಿದ್ದ, ನನ್ನ ಅಂಗಿ ಪ್ಯಾಂಟು ಹೊಲಿಯುತ್ತ ಸ್ನೇಹಿತನಾದವನು. ಶರಣಬಸಪ್ಪನಿಗೆ ಊಟ ಮತ್ತು ತಿರುಗಾಟ ಎರಡೇ ಪ್ರೀತಿಯ ವಿಷಯಗಳು. ಮೂವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಹನ್ನೊಂದು ವರ್ಷದಿಂದ ಉಬ್ಬರವಿಳಿತ, ಅಲೆ, ಸಾಗರ ಪ್ರವಾಹ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದ ನಾನು ಕಂಡ ದೊಡ್ಡ ನೀರೆಂದರೆ ದೇವಸುಗೂರಿನ ಕೃಷ್ಣೆಯೇ.

ಹೋಗುವುದಕ್ಕೊಂದು ಕಾರಣವಿತ್ತು. ಖಾಜಾನ ಅಣ್ಣ ಮಹಿಬೂಬ ಇಪ್ಪತ್ತೆರಡು ವರ್ಷಗಳ ಹಿಂದೆ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟಿದ್ದ. ಮದ್ರಾಸಿನ ಬಂದರಿನಲ್ಲಿ ಕೂಲಿ ಮಾಡಿ, ಅಲ್ಲಿಂದ ಹಡಗು ಹತ್ತಿ ಅಂಡಮಾನಿಗೆ ಹೋದನಂತೆ. ಮೊದಲು ಕಾಗದಗಳು ಬರುತ್ತಿದ್ದವು. ಅಪ್ಪ ತೀರಿಹೋದ ಸುದ್ದಿ ಬರೆದ ಮೇಲೆ ಒಂದೇ ಒಂದು ಕಾರ್ಡು ಬಂತು, ಆಮೇಲೆ ನಾಲ್ಕು ವರ್ಷ ಏನೂ ಇಲ್ಲ. ಇದ್ದಾನೋ ಇಲ್ಲವೋ ತಿಳಿಯದು. ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದು ಜಗತ್ತೆಲ್ಲ ಮಂಜಾಗುತ್ತಿತ್ತು. ನಾನು ದೇವದುರ್ಗದ ಅವರ ಮನೆಗೆ ಹೋದಾಗ ಆಕೆ ಹೇಳಿದ್ದು ಒಂದೇ ಮಾತು.

"ಮಾಸ್ತರ, ನಿಮ್ಮ ಕೈ ಮುಗೀತೀನಿ. ಕಣ್ಣು ಪೂರಾ ಹೋಗೂದ್ರಾಗ ಒಮ್ಮಿ ಅವನ ಮಾರಿ ತೋರಸ್ರಿ. ಆಮ್ಯಾಗ ಕತ್ತಲಾದ್ರೂ ಆಗ್ಲಿ."

ಇಷ್ಟು ಸಾಕಾಗಿತ್ತು ನನಗೆ. ತಯಾರಿಯ ಹುಚ್ಚು ತಲೆಗೇರಿತು. ಎರಡು ನೂರು ಪುಟದ ಒಂದು ನೋಟ್‌ಬುಕ್ಕು ಕೊಂಡು ಅಂಕಣ ಹಾಕಿದೆ. ರೈಲಿನ ವೇಳೆ, ಹಡಗಿನ ವೇಳೆ, ಒಯ್ಯಬೇಕಾದ ಸಾಮಾನು, ಹುಡುಕಬೇಕಾದ ಸ್ಥಳಗಳು. ಮದ್ರಾಸಿನ ಹಡಗಿನ ಆಫೀಸಿಗೆ ಕಾಗದ ಬರೆದು, ಟೈಪು ಮಾಡಿದ ಉತ್ತರ ಬಂದಾಗ ಶರಣಬಸಪ್ಪ ಅದನ್ನು ಮಾನ್ವಿಯ ಬಜಾರದಲ್ಲೆಲ್ಲ ಲಗ್ನಪತ್ರಿಕೆಯ ಹಾಗೆ ತೋರಿಸಿಕೊಂಡು ಬಂದ. ಹೋದ ಹಡಗಿನಲ್ಲೇ ಮರಳುವುದಾದರೆ ದ್ವೀಪದಲ್ಲಿ ನಮಗೆ ಸಿಗುವುದು ನಾಲ್ಕೇ ದಿನ. ನಾನು ಪೋರ್ಟ್ ಬ್ಲೇರಿನ ನಕಾಶೆಯನ್ನು ದೊಡ್ಡದಾಗಿ ಬರೆದು ನಾಲ್ಕು ಭಾಗ ಮಾಡಿ, ದಿನಕ್ಕೊಂದು ಭಾಗ ಹುಡುಕುವುದೆಂದು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಹುಡುಕಬೇಕಾದವನ ಗುರುತು ಎಂಬ ಅಂಕಣ ಮಾತ್ರ ಖಾಲಿ ಉಳಿದಿತ್ತು. ಅಣ್ಣ ಹೋದಾಗ ಖಾಜಾ ತೀರ ಚಿಕ್ಕವನು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ತಾಯಿಯನ್ನು ಕೇಳಿ ಬರೆದುಕೊಂಡು ಬರುವೆನೆಂದು ಹೇಳಿದ್ದ.

ಹಡಗಿನಲ್ಲಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ ಎಂದು ಯಾರೋ ಹೆದರಿಸಿದರು. ಅದಕ್ಕೂ ನಾವು ತಯಾರಾದೆವು. ಗಿರಣಿಯ ಹಿಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ದಿನಾ ಅರ್ಧ ತಾಸು ಕಣ್ಣು ಮುಚ್ಚಿ ಜೀಕಿದೆವು. ಗಿರಣಿಯ ಆಳುಗಳು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ದೇವಸುಗೂರಿಗೆ ಹೋಗಿ, ಮಡುವಿನಲ್ಲಿ ಹರಗೋಲು ಹತ್ತಿ, ಗರಗರ ತಿರುಗಿಸು ಎಂದು ಅಂಬಿಗನಿಗೆ ಹೇಳಿದೆವು. ಅವನು ನಮ್ಮ ತಲೆ ನೆಟ್ಟಗಿದೆಯೇ ಎನ್ನುವಂತೆ ನೋಡಿ, ಹೇಳಿದ್ದಕ್ಕಿಂತ ಹೆಚ್ಚೇ ತಿರುಗಿಸಿದ. ಶರಣಬಸಪ್ಪ ದಂಡೆಗೆ ಬಂದು ಕಲ್ಲಿನ ಮೇಲೆ ಬಹಳ ಹೊತ್ತು ಮಲಗಿದ್ದ. ನನಗಂತೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಮೂವತ್ತೈದು ದಾಟಿದ ಮಾಸ್ತರ ಜಾತ್ರೆಗೆ ಹೊರಟ ಮಕ್ಕಳ ಹಾಗೆ ದಿನ ಎಣಿಸುತ್ತಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಿಲ್ಲ.

ಇನ್ನು ಬುತ್ತಿಯ ವಿಷಯ. ಆ ದ್ವೀಪದಲ್ಲಿ ಜೋಳ ಸಿಗುವುದಿಲ್ಲ, ಬರೀ ಅನ್ನ ಮೀನು ಎಂದು ಕೇಳಿ ಶರಣಬಸಪ್ಪನ ಮುಖ ಸಪ್ಪಗಾಯಿತು. ಹೋಗಿ ಬರುವ ಅಷ್ಟೂ ದಿನಗಳಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಒಯ್ಯುವುದೆಂದು ತೀರ್ಮಾನವಾಯಿತು. ಒಣಗಿಸಿದ ರೊಟ್ಟಿ ನಮ್ಮ ಕಡೆ ತಿಂಗಳಾದರೂ ಕೆಡುವುದಿಲ್ಲ. ರಾಯಚೂರಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಓಣಿಯಲ್ಲಿ, ನಾಗಮ್ಮ ಎಂಬ ವಿಧವೆ ರೊಟ್ಟಿ ಮಾಡಿಕೊಡುತ್ತಿದ್ದಳು. ಆಕೆಯ ರೊಟ್ಟಿ ಪಾಪಡದಷ್ಟು ತೆಳು. ಆದರೆ ಆಕೆಯದೊಂದು ಕಟ್ಟಳೆ ಇತ್ತು. ಉಣ್ಣುವವನು ತಾನೇ ಬಂದು ಹೇಳಬೇಕು. ಒಬ್ಬರು ಬಂದು ನಾಲ್ವರ ಪರವಾಗಿ ಹೇಳಿದರೆ ಆಕೆ ಹಿಟ್ಟು ಕಲಸುತ್ತಿರಲಿಲ್ಲ. ಆಳನ್ನು ಕಣ್ಣಾರೆ ನೋಡಿ, ಅವನ ಹೊಟ್ಟೆಯ ಅಂದಾಜು ಮಾಡಿ, ಅವನಿಗೆಂದೇ ಬೇರೆ ಗಂಟು ಕಟ್ಟುವುದು ಆಕೆಯ ರೀತಿ. ಹಾಗಾಗಿ ನಾನು ಮಾನ್ವಿಯಿಂದ ಶರಣಬಸಪ್ಪನನ್ನು ಕರೆದುಕೊಂಡು, ಖಾಜಾನಿಗೆ ದೇವದುರ್ಗದಿಂದ ಬಸ್ಸಿಗೆ ಬರಲು ಹೇಳಿ, ಒಂದು ಭಾನುವಾರ ಮೂವರೂ ಆಕೆಯ ಮುಂದೆ ಹಾಜರಾದೆವು. ಮದ್ರಾಸಿನ ಕಡೆ ಹೋಗುವವರು, ಮೂರು ಗಂಟು, ಇಷ್ಟೇ ಹೇಳಿದ್ದು. ಯಾತಕ್ಕೆ, ಯಾರನ್ನು ಹುಡುಕಲು ಎಂಬುದು ಆಕೆಗೆ ಗೊತ್ತಿರಲಿಲ್ಲ. ಶರಣಬಸಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಗಂಟಿಗೆ ದೊಡ್ಡ ಧೋತರ ಬೇಕಾಕ್ಕತಿ" ಎಂದಳು.

ಮುಂದಿನ ಭಾನುವಾರ ನಮ್ಮ ರೈಲು. ಅಂದು ಮಧ್ಯಾಹ್ನವೇ ರೊಟ್ಟಿ ಒಯ್ಯಲು ಹೋದೆವು. ಜಗಲಿಯ ಮೇಲೆ ಬಿಳಿ ಬಟ್ಟೆಯ ಗಂಟುಗಳು ಸಾಲಾಗಿ ಕೂತಿದ್ದವು. ನಾಲ್ಕು.

"ಯವ್ವಾ, ಮೂರ ಹೇಳಿದ್ವಿ. ಇದು ಯಾರದು?" ಎಂದು ಕೇಳಿದೆ.

"ನಿಮ್ಮ ಜೋಡೀದಾರಂದ್ರಿ. ಶುಕ್ರವಾರ ಮಧ್ಯಾಹ್ನ ಬಂದು ಹೇಳಿ ಹೋಗ್ಯಾನಲ್ಲ. ಯವ್ವಾ, ಮದ್ರಾಸಿಗಿ ಹೊಂಟ ಮೂರು ಮಂದಿ ಜೋಡಿ ನಂದೂ ಒಂದು ಗಂಟು ಕಟ್ಟು, ತಿರುಗಿ ಬರೋಮುಂದ ನಾನೂ ಅವರ ಕೂಡ ಇರ್ತೀನಿ ಅಂದ."

ಬೇರೆ ಯಾರದೋ ಗಂಟು ಅದಲುಬದಲಾಗಿರಬೇಕು ಎಂದುಕೊಂಡೆ. ನನ್ನ ಅಭ್ಯಾಸದ ಪ್ರಕಾರ ಪಾಟೀಸವಾಲು ಶುರುಮಾಡಿದೆ. ಯಾವ ಹೊತ್ತು? ಹನ್ನೆರಡು ಹೊಡೆದಿತ್ತು. ಹೆಸರು? ಕೇಳಿಲ್ಲ. ಮಾತು? ದೇವದುರ್ಗದ ಕಡೆಯವರ ಮಾತಿನ ಹಾಗಿತ್ತು. ಉಟ್ಟದ್ದು? ಹಸಿರು ಚೌಕಡಿ ಲುಂಗಿ. ಶರಣಬಸಪ್ಪ ನಡುವೆ ಬಾಯಿ ಹಾಕಿ, ನೆಲದ ಮೇಲೆ ಅವನ ನೆರಳು ಬಿದ್ದಿತ್ತೇ ಎಂದು ಕೇಳಿದ. ನಡುಮಧ್ಯಾಹ್ನ ಯಾರ ನೆರಳು ಎಲ್ಲಿ ಬೀಳುತ್ತದೆ ಎಂದು ನಾಗಮ್ಮ ಗದರಿದಳು. ಆಮೇಲೆ ನೆನಪು ಮಾಡಿಕೊಂಡು ಹೇಳಿದಳು.

"ಎಡಗೈ ಕಿರಿಬಟ್ಟು ಅರ್ಧ ಇದ್ದಿಲ್ರಿ. ಮಾತಾಡೋಮುಂದೆಲ್ಲ ಅದನ್ನ ಹೆಬ್ಬಟ್ಟಿಲೆ ತಿಕ್ಕತಿದ್ದ. ಅದಕ್ಕ ನೆಪ್ಪೈತಿ."

ಖಾಜಾ ಅಂಗಿಯ ಕಿಸೆಯಿಂದ ಮಡಿಚಿದ ಒಂದು ಚೀಟಿ ತೆಗೆದ. ಅಂದು ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ತಾಯಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದುಕೊಂಡದ್ದು, ನನ್ನ ನೋಟ್‌ಬುಕ್ಕಿನ ಖಾಲಿ ಅಂಕಣಕ್ಕಾಗಿ. ಇನ್ನೂ ನಮಗೆ ತೋರಿಸಿರಲಿಲ್ಲ. ನನಗೆ ಉರ್ದು ಓದಲು ಬರುವುದಿಲ್ಲ. ಅವನೇ ಓದಿ ಹೇಳಿದ.

"ಬಣ್ಣ ಕಪ್ಪು, ಎತ್ತರ. ಹುಡುಗ ಇದ್ದಾಗ ಮೇವು ಕಡಿಯೋಮುಂದ ಎಡಗೈ ಕಿರಿಬಟ್ಟು ಅರ್ಧ ಹೋಗ್ಯದ. ಮಾಸ್ತರ, ಇದು ನನಗ ಇವತ್ತು ಮುಂಜಾನಿ ತಿಳಿದದ್ದು."

ನನಗೆ ಹೆದರಿಕೆಗಿಂತ ಹೆಚ್ಚಾಗಿ ಎಂಥದೋ ಉಮೇದು. ಕಾಲು ನೆಲದ ಮೇಲೆ ನಿಲ್ಲಲೊಲ್ಲವು. ಓಣಿಯ ಮೂಲೆಗೆ ಕರೆದೊಯ್ದು ಶರಣಬಸಪ್ಪನ ಮೇಲೆ ಹರಿಹಾಯ್ದೆ, ಇದು ಅವನದೇ ಕಿತಾಪತಿ ಎಂದು. ಅವನು ಸೂಗೂರೇಶ್ವರನ ಆಣೆ ಮಾಡಿದ. ಮಾಡದಿದ್ದರೂ ನನಗೆ ಗೊತ್ತಿತ್ತು, ಅಂದು ಮುಂಜಾನೆ ತಿಳಿದ ಬೆರಳಿನ ಸಂಗತಿ ಶುಕ್ರವಾರ ಅವನಿಗೆ ಹೇಗೆ ತಿಳಿಯಬೇಕು? ಆಗ ಅವನೇ ನನ್ನ ಕಿವಿಯಲ್ಲಿ, ಹೀಗೆ ಬಂದು ಕಾಣಿಸಿಕೊಳ್ಳುವವರು ಬದುಕಿರುವುದಿಲ್ಲವಂತೆ ಎಂದು ಉಸುರಿದ. ನನ್ನ ಉಮೇದೆಲ್ಲ ಒಂದು ಗಳಿಗೆ ಇಳಿದುಹೋಯಿತು. ಆ ಪೊರೆಗಣ್ಣಿನ ತಾಯಿಗೆ ಏನು ಹೇಳುವುದು?

ಖಾಜಾನಿಗೆ ನಮ್ಮ ಗುಸುಗುಸು ಕೇಳಿಸಿತ್ತು.

"ಸತ್ತಾಂವಗ ಬುತ್ತಿ ಯಾಕ ಬೇಕು ಮಾಸ್ತರ? ಬರೋಮುಂದ ಇರ್ತೀನಿ ಅಂದಾನ. ಇರ್ತಾನ."

ನಾನು ಮೊಂಡುತನ ಮಾಡಿದೆ. ಪಟ್ಟಿಯಲ್ಲಿ ಮೂರೇ ಗಂಟು, ನಾಲ್ಕನೆಯದು ಹೊತ್ತುಕೊಂಡು ಹೋದರೆ ನಾವು ಇದನ್ನೆಲ್ಲ ಒಪ್ಪಿಕೊಂಡ ಹಾಗಾಗುತ್ತದೆ ಎಂದು ವಾದಿಸಿದೆ. ಖಾಜಾ ನಾಲ್ಕನೆಯ ಗಂಟನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದುಬಿಟ್ಟ.

ಪ್ರವಾಸದ ಕಥೆ ಬರೆಯಲು ಹೊರಟರೆ ಇನ್ನೊಂದು ನೋಟ್‌ಬುಕ್ಕು ಬೇಕು. ಮದ್ರಾಸಿನಲ್ಲಿ ಸಮುದ್ರ ಕಂಡ ಕ್ಷಣ ನಾವು ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆವು, ಅಷ್ಟು ಹೇಳಿದರೆ ಸಾಕು. ಹಡಗಿನಲ್ಲಿ ಎರಡನೆಯ ದಿನವೇ ನಮ್ಮ ತಪ್ಪು ತಿಳಿಯಿತು. ಕಡಲ ಗಾಳಿಗೆ ಕಟಕ ರೊಟ್ಟಿ ತೊಯ್ದ ಬಟ್ಟೆಯ ಹಾಗೆ ಮೆತ್ತಗಾಗಿ ಬಾಗತೊಡಗಿತ್ತು. ಒಣಹವೆಯ ನಾಡಿನ ನಮಗೆ ರೊಟ್ಟಿ ಮೆತ್ತಗಾಗುತ್ತದೆ ಎಂಬುದೇ ಹೊಳೆದಿರಲಿಲ್ಲ. ಭೂಗೋಳದ ಮಾಸ್ತರನಿಗೂ ಹೊಳೆದಿರಲಿಲ್ಲ ಎಂದು ಶರಣಬಸಪ್ಪ ಇಡೀ ಹಡಗಿಗೆ ಕೇಳುವಂತೆ ಹೇಳಿದ.

ಪೋರ್ಟ್ ಬ್ಲೇರಿನಲ್ಲಿ ಇಳಿದವನೇ ನಾನು ನಕಾಶೆ ಬಿಚ್ಚಿ ಮೊದಲ ದಿನದ ಭಾಗಕ್ಕೆ ಹೊರಟೆ. ನಾಲ್ಕು ದಿನದ ಹುಡುಕಾಟ ಒಂದು ತಾಸಿನಲ್ಲಿ ಮುಗಿಯಿತು. ಬಂದರಿನ ಹತ್ತಿರದ ಚಹಾ ಅಂಗಡಿಯಲ್ಲಿ ರಾಯಚೂರಿನ ಕಡೆಯ ಮಹಿಬೂಬ ಎಂದು ಕೇಳಿದ್ದೇ ತಡ, ಅಂಗಡಿಯವನು ಮರ ಕೊಯ್ಯುವ ಮಿಲ್ಲಿನ ದಾರಿ ತೋರಿಸಿದ. ಮಿಲ್ಲಿನ ಗೇಟಿನಿಂದ ಹೊರಗೆ ಬಂದವನು ನಲವತ್ತರ ಆಳು. ತಲೆ ಬೋಳಾಗುತ್ತಿತ್ತು, ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು, ಎಡಗೈ ಕಿರುಬೆರಳು ಅರ್ಧವೇ ಇತ್ತು. ಖಾಜಾ ಆ ಕೈಯನ್ನು ಹಿಡಿದುಕೊಂಡ. ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ ಮಹಿಬೂಬ, "ನೀ ಖಾಜಾ ಏನೋ?" ಎಂದು ಅಳತೊಡಗಿದ. ಬದುಕಿದ್ದಾನೆ! ನಾನು, ಶರಣಬಸಪ್ಪ ಇಬ್ಬರೂ ನಡುರಸ್ತೆಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

ಅವನಿಗೆ ಅಲ್ಲೇ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅಪ್ಪನ ಮಣ್ಣಿಗೂ ಬರದವನು ಯಾವ ಮುಖ ಹೊತ್ತುಕೊಂಡು ಕಾಗದ ಬರೆಯಲಿ ಎಂದ. ತಾಯಿಯ ಕಣ್ಣಿನ ವಿಷಯ ತಿಳಿದ ಮೇಲೆ ಎರಡು ತಿಂಗಳ ರಜೆ ಹಾಕಿ ನಮ್ಮ ಹಡಗಿನಲ್ಲೇ ಹೊರಟ. ನಾಲ್ಕನೆಯ ಗಂಟಿನ ಆ ಮೆತ್ತಗಿನ ರೊಟ್ಟಿಗಳನ್ನು ಅವನು ತಿಂದ ಬಗೆ ನೋಡಿ ಶರಣಬಸಪ್ಪನೇ ಸೋತ. ನಾಗಮ್ಮನ ಸಂಗತಿಯನ್ನು ಮಾತ್ರ ಅವನಿಗೆ ಹೇಳಕೂಡದೆಂದು ನಾನು ಇಬ್ಬರ ಬಾಯಿಗೂ ಬೀಗ ಹಾಕಿದ್ದೆ. ಏನೂ ತಿಳಿಸದೆ ಅವನನ್ನು ಆಕೆಯ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಬೇಕೆಂಬುದು ನನ್ನ ಲೆಕ್ಕ.

ತಾಯಿ ಮಗನ ಭೇಟಿಯ ಬಗ್ಗೆ ನಿಮಗೆ ಕುತೂಹಲವಿರಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮರಳಿ ಬಂದ ದಿನ ಸಂಜೆ ದೇವದುರ್ಗದಲ್ಲಿ ಆಕೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ಕಂಡಿತು ಎಂದಳು. ನಾನು ಹೊರಗೆ ಬಂದು ಬೇರೆ ಕಡೆ ನೋಡುತ್ತ ನಿಂತೆ.

ಆದರೆ ಅಂದು ಬೆಳಿಗ್ಗೆ, ರಾಯಚೂರಿನಲ್ಲಿ ರೈಲು ಇಳಿದ ಕೂಡಲೇ, ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಹೇಳಿ ನಾನು ಮೂವರನ್ನೂ ನಾಗಮ್ಮನ ಮನೆಗೆ ಕರೆದೊಯ್ದಿದ್ದೆ. ಆಕೆ ಒಲೆಯ ಮುಂದಿದ್ದಳು. ಮಹಿಬೂಬನನ್ನು ಮುಂದೆ ಮಾಡಿ, "ಯವ್ವಾ, ಇವರನ್ನ ಎಲ್ಲೆರ ನೋಡೀಯೇನು?" ಎಂದು ಕೇಳಿದೆ.

ಆಕೆ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. "ಇಲ್ರಿ. ಯಾರಿವರು?"

ನನಗಾದ ಸಂತೋಷ ಏನು ಹೇಳಲಿ. ಖಾಜಾನ ಕಡೆ, ಶರಣಬಸಪ್ಪನ ಕಡೆ ಗೆದ್ದವನ ಹಾಗೆ ನೋಡಿದೆ. ಅಷ್ಟರಲ್ಲಿ ಮಹಿಬೂಬ, ಅಪರಿಚಿತರ ಮನೆಯಲ್ಲಿ ನಿಂತ ಮುಜುಗರಕ್ಕೋ ಏನೋ, ಹೆಬ್ಬೆರಳಿನಿಂದ ಆ ಮೊಂಡು ಬೆರಳನ್ನು ತಿಕ್ಕತೊಡಗಿದ. ನಾಗಮ್ಮ ಎದ್ದು ಬಂದಳು. ಅವನ ಕೈ ನೋಡಿದಳು, ಮುಖ ನೋಡಿದಳು.

"ಬಟ್ಟು ಅದ ಐತಿ. ತಿಕ್ಕೋದೂ ಹಂಗ ಐತಿ. ಆದ್ರ ಇವರಲ್ರಿ. ಅಂವ ಸಣ್ಣಾಂವ. ಈಗ ಮೀಸಿ ಬರಾಕತ್ತಿತ್ತು, ತಲಿತುಂಬ ಗುಂಗುರುಗೂದಲ. ನೀವು ಅವರಪ್ಪ ಏನ್ರಿ?"

ಶುಕ್ರವಾರ ಬಂದವನ ಬಗ್ಗೆ ಅಷ್ಟೆಲ್ಲ ಕೇಳಿದ್ದ ನಾನು ವಯಸ್ಸೆಷ್ಟು ಎಂದು ಮಾತ್ರ ಕೇಳಿರಲಿಲ್ಲ. ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಮಹಿಬೂಬನಿಗೆ ಎಲ್ಲವನ್ನೂ ಹೇಳಿದೆ. ಅವನು ಹೌಹಾರಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ, ಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದೆ, ಇನ್ನೆಲ್ಲಿರಲಿ ಎಂದ. ಆಮೇಲೆ ನಾಗಮ್ಮನ ಕಡೆ ತಿರುಗಿ, ತುಕ್ಕು ಹಿಡಿದಿದ್ದ ತನ್ನ ಕನ್ನಡದಲ್ಲಿ ಮೆಲ್ಲಗೆ ಕೇಳಿದ.

"ಹ್ಯಾಂಗಿದ್ದ ಯವ್ವಾ ಅಂವ?"

"ಹಸದಿದ್ದ" ಎಂದಳು ನಾಗಮ್ಮ. "ಮಾರಿ ನೋಡಿದ್ರ ತಿಳೀತಿತ್ತು. ಹಂಚಿನ ಮ್ಯಾಲಿಂದ ಒಂದು ಬಿಸಿ ರೊಟ್ಟಿ ಕೊಟ್ಟೆ. ನಿಂತಕೊಂಡ ತಿಂದು ಹೋದ."

ಮಹಿಬೂಬ ಒಲೆಯ ಮೇಲಿನ ಹಂಚಿನ ಕಡೆ ನೋಡಿದ.

"ಮನಿ ಬಿಟ್ಟ ದಿನ ನಾ ಉಂಡಿದ್ದಿಲ್ಲ" ಎಂದ. "ದೇವದುರ್ಗದಿಂದ ಇಲ್ಲೀತನಕ ನಡಕೋತ ಬಂದು ರೈಲು ಹತ್ತಿದ್ದೆ. ಯಾರಿಗೂ ಹೇಳಿಲ್ಲ ಇದು."

ಎಷ್ಟೋ ವರ್ಷ ಇದಕ್ಕೊಂದು ಸಮಾಧಾನ ಹುಡುಕಿದ್ದೇನೆ. ಯಾರೋ ಹಸಿದ ಹುಡುಗ, ಯಾರದೋ ಮೊಂಡು ಬೆರಳು, ನಾಗಮ್ಮನ ಕಲಸುಮೇಲೋಗರದ ನೆನಪು. ಒಂದೊಂದನ್ನೂ ಬಿಡಿಯಾಗಿ ಒಪ್ಪಬಹುದು, ಒಟ್ಟಿಗೆ ಇಟ್ಟರೆ ಕೂರುವುದಿಲ್ಲ. ಆ ಮಧ್ಯಾಹ್ನ ನಾಗಮ್ಮನ ಬಾಗಿಲಲ್ಲಿ ನಿಂತು ರೊಟ್ಟಿ ತಿಂದವನು ಮನೆ ಬಿಟ್ಟ ದಿನದ ಮಹಿಬೂಬನೇ ಎನ್ನಲು ನನ್ನ ಬುದ್ಧಿ ಒಪ್ಪುವುದಿಲ್ಲ. ಅವನಲ್ಲ ಎನ್ನಲು ನನ್ನ ಹತ್ತಿರ ಏನೂ ಇಲ್ಲ.